ಆಗಿನ ಪೈಲ್ವಾನ, ಈಗಿನ ಪೈಲ್ವಾನ

ಅಕ್ಕಲಕೋಟ ಸೀಮಿಯೊಳಗ ಜಾತ್ರಿ ಕುಸ್ತಿ ಮುಗೀತಂದ್ರ ಕಟ್ಟಿ ಮ್ಯಾಲ ಒಂದೇ ಮಾತು: "ಆಗಿನವರ ಮುಂದ ಈಗಿನವರು ಏನೂ ಅಲ್ಲ." ನಾನೂ ಇದನ್ನೇ ಹಾಡು ಕಟ್ಟಿ ಹಾಡೀನಿ. ಈಗ ಅದು ತಪ್ಪು ಅನಸ್ತದ.

ಚಿಕ್ಕೋಡಿ ಸೀಮಿ ಎಕ್ಸಂಬಾದ ಶ್ರೀಪತಿ ಖಂಚನಾಳೆ 1959ರಾಗ ಮೊದಲನೇ ಹಿಂದ್ ಕೇಸರಿ ಆದರು. ಅವರದು ಭಾರಿ ಮೈ. ಕೊಲ್ಲಾಪುರದ ರಾಜಾರಾಮ ಕಾಲೇಜಿನ ಖಾಶಾಬಾ ಜಾಧವ ಗಿಡ್ಡ ಆಳು. ಇಬ್ಬರನ್ನೂ ಒಂದೇ ತಕ್ಕಡಿಯೊಳಗ ಹೆಂಗ ತೂಗೂದು?

ಖಾಶಾಬಾ 1948ರ ಲಂಡನ್ ಒಲಿಂಪಿಕ್ಸಿನಾಗ ಆರನೆಯವರು. ಮಣ್ಣಿನಾಗ ಬೆಳೆದವರಿಗೆ ಮ್ಯಾಟು ಹೊಸದು. 1952ರಾಗ ಹೆಲ್ಸಿಂಕಿಯೊಳಗ, 57 ಕಿಲೋ ತೂಕದಾಗ, ಕಂಚು ಗೆದ್ದರು. ನಾಲ್ಕೇ ವರ್ಷದಾಗ ಒಬ್ಬನೇ ಮನುಷ್ಯ ಇಷ್ಟು ಬದಲಾದರ, ಎರಡು ಕಾಲದವರನ್ನ ಹೋಲಿಸೂದು ಸುಲಭಲ್ಲ. ನಮ್ಮ ಸೋಲಾಪುರ ಜಿಲ್ಲಾ ಮೋಹೋಳದ ಸಿಕಂದರ ಶೇಖ 2023ರಾಗ ಮಹಾರಾಷ್ಟ್ರ ಕೇಸರಿ ಆದರು. ಅವರನ್ನ ಅವರ ಜೋಡಿಯವರ ಜೋಡೀನ ಅಳೀಬೇಕು.

ನನ್ನ ಹಾಡು ಕೇಳಿ ಓಣಿ ಹುಡುಗ ಒಬ್ಬ ಗರಡಿಮನಿ ಬಿಟ್ಟ. "ಕಾಕಾ, ನಾವು ಏನೂ ಅಲ್ಲ ಅಂತ ನೀವೇ ಹಾಡ್ತೀರಲ್ಲ" ಅಂದ. ಆ ನುಡಿ ನಾ ಈಗ ಹಾಡೂದಿಲ್ಲ.