ಸಾಥಿಗೆ ಬೇಕಾದ ಹುಡುಗ

ಅಮೃತಾಪುರದ ಅಮೃತೇಶ್ವರ ಗುಡಿಗೆ (1196) ಹೋದಾಗಲೆಲ್ಲ ನಾನು ಹೊರಗೋಡೆಯ ಬಾಲಕೃಷ್ಣನ ಉಬ್ಬುಶಿಲ್ಪಗಳ ಮುಂದೆ ನಿಲ್ಲುತ್ತೇನೆ. ಹೆತ್ತವರಿಂದ ದೂರ ಬೆಳೆದ ಕೂಸು ಅದು. ಹರಿಕಥೆಯವರಿಂದ ಬಯಲಾಟದವರವರೆಗೆ ಎಲ್ಲರೂ ಅವನ ಅಗಲಿಕೆಗಿಂತ ಆಟವನ್ನೇ ಹೆಚ್ಚು ಹಾಡಿದರು.

ಗದಗದ ವೀರೇಶ್ವರ ಪುಣ್ಯಾಶ್ರಮದ ಬಗ್ಗೆ ನಾವು ಬರೆಯುವುದು ಮಾತ್ರ ತಿರುಗುಮುರುಗು. ಅಂಧರು, ಅನಾಥರು, ಸಂಗೀತ ನೋವು ಮರೆಸಿತು ಎಂದು ಕರುಣೆಯಿಂದಲೇ ಶುರು. ನನಗಿದು ಒಪ್ಪಿಗೆಯಿಲ್ಲ. ಪಂಚಾಕ್ಷರಿ ಗವಾಯಿಗಳು ಸ್ವತಃ ಅಂಧರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಕೂಸಾಗಿದ್ದಾಗಲೇ ಕಣ್ಣನ್ನೂ ಹೆತ್ತವರನ್ನೂ ಕಳೆದುಕೊಂಡು ಸೋದರಮಾವನ ಆಸರೆಯಲ್ಲಿ ಬೆಳೆದವರು. 1944ರಲ್ಲಿ ಗುರು ತೀರಿಕೊಂಡ ಮೇಲೆ ಆಶ್ರಮದ ಭಾರ ಇವರ ಹೆಗಲಿಗೆ ಬಿತ್ತು. ನಾಟಕ ಬರೆದರು, ಕಂಪನಿ ನಡೆಸಿದರು; ಆ ಗಳಿಕೆ ಮಕ್ಕಳ ಊಟಕ್ಕಾಯಿತು. ಕಲೆ ಅಲ್ಲಿ ಔಷಧಿಯಾಗುವ ಮೊದಲು ದುಡಿಮೆಯಾಗಿತ್ತು. ವಾಸಿಯಾಗುವುದು ಶುರುವಾದದ್ದೂ ಅಲ್ಲಿಂದಲೇ ಎಂದು ನನ್ನ ಎಣಿಕೆ.

ತಬಲಾ ಸಾಥಿಗೆ ಕೂತ ಹುಡುಗ ಒಂದು ಮಾತ್ರೆ ತಪ್ಪಿದರೆ ಹಾಡುವವನು ಎಡವುತ್ತಾನೆ. ತಾನು ಯಾರಿಗೂ ಬೇಡ ಎಂದುಕೊಂಡಿದ್ದ ಹುಡುಗನಿಗೆ, ತಾನಿಲ್ಲದೆ ಕಛೇರಿ ಸಾಗದು ಎಂಬುದು ಬೆರಳಿನಲ್ಲೇ ತಿಳಿಯುತ್ತದೆ. ‘ಪಾಪ’ ಅನ್ನುವ ಚಪ್ಪಾಳೆ ಇದನ್ನು ಕೊಡಲಾರದು. (ಮಕ್ಕಳಿಗೆ ಆ ಚಪ್ಪಾಳೆಯ ಸದ್ದು ಬೇಗ ಗುರುತು ಸಿಗುತ್ತದೆ.)

ಒಮ್ಮೆ ಇಂಥ ಮಕ್ಕಳ ಹಾಡಿಕೆ ಕೇಳಿ ಬರೆದಿದ್ದೆ. ಮೇಲಿನ ಷಡ್ಜದಲ್ಲಿ ಶ್ರುತಿ ಜಾರಿದ್ದು ಕಿವಿಗೆ ಬಿದ್ದಿತ್ತು, ಬರೆಯಲು ಮನಸ್ಸಾಗಲಿಲ್ಲ. ದೊಡ್ಡ ಗಾಯಕರಾಗಿದ್ದರೆ ಬಿಡುತ್ತಿರಲಿಲ್ಲ. ಹಾಡಿದ ಹುಡುಗಿ ಆ ಬರಹವನ್ನು ಯಾರಿಂದಲೋ ಓದಿಸಿಕೊಂಡಿರಬಹುದು, ಶ್ರುತಿ ಜಾರಿದ್ದು ಅವಳಿಗೂ ಗೊತ್ತಿದ್ದಿರಬಹುದು.