ಕಣ್ಣು ಬರೆದರೆ ಕತೆ ಬಂದೀತೆ?

ಪುಸ್ತಕದಂಗಡಿಯಲ್ಲಿ ಕಾಮಿಕ್ಸ್ ಇಟ್ಟಿರುವ ಕಪಾಟಿನ ಪಕ್ಕದಲ್ಲೇ ಇನ್ನೊಂದು ಜಾತಿಯ ಪುಸ್ತಕಗಳು ಕೂತಿರುತ್ತವೆ. 'ಮಾಂಗಾ ಬರೆಯುವುದು ಹೇಗೆ' ಅನ್ನೋ ಅರ್ಥದ ಹೆಸರು, ಮುಖಪುಟದಲ್ಲಿ ದೊಡ್ಡ ಕಣ್ಣಿನ ಹುಡುಗಿ, ಒಳಗೆ ನಾಲ್ಕೇ ಹೆಜ್ಜೆಯಲ್ಲಿ ಮುಖ. ಮೊದಲ ಹೆಜ್ಜೆ ಒಂದು ವೃತ್ತ. ಎರಡನೆಯದರಲ್ಲಿ ಅದರ ಮೇಲೊಂದು ಅಡ್ಡಗೆರೆ, ಒಂದು ಉದ್ದಗೆರೆ. ಮೂರನೆಯದರಲ್ಲಿ ಕಣ್ಣು, ಗಲ್ಲ. ನಾಲ್ಕನೆಯದರಲ್ಲಿ ಇದ್ದಕ್ಕಿದ್ದಂತೆ ಗಾಳಿಗೆ ಹಾರುವ ಕೂದಲು, ಫಳಫಳ ಹೊಳೆಯುವ ಕಣ್ಣುಗುಡ್ಡೆ, ಮಡಿಕೆ ಮಡಿಕೆಯಾದ ಯೂನಿಫಾರ್ಮ್! ಮೂರಕ್ಕೂ ನಾಲ್ಕಕ್ಕೂ ನಡುವೆ ಏನು ನಡೀತು ಅಂತ ಪುಸ್ತಕ ಹೇಳುವುದಿಲ್ಲ.

ಇವನ್ನು ಕೊಳ್ಳುವವರು ಬರೀ ಮಕ್ಕಳಲ್ಲ. ಟೀವಿಯಲ್ಲಿ 'ನರುಟೊ' ನೋಡಿ ಬೆಳೆದು, ಈಗ ವಾರವಿಡೀ ಸ್ಪ್ರೆಡ್‌ಶೀಟ್ ನೋಡುತ್ತಾ ಕೂತವರೂ ಕೊಳ್ಳುತ್ತಾರೆ. ಒಂದು ಭಾನುವಾರ ಹೊಸ ಸ್ಕೆಚ್‌ಬುಕ್, ಹೊಸ ಪೆನ್ಸಿಲ್, ಭಾರೀ ಹುರುಪು. ನಾಲ್ಕನೇ ಭಾನುವಾರಕ್ಕೆ ಸ್ಕೆಚ್‌ಬುಕ್ ಲ್ಯಾಪ್‌ಟಾಪಿನ ಕೆಳಗೆ ಸೇರಿರುತ್ತದೆ, 'ನಂಗೆ ಕೈ ಬರಲ್ಲ ಬಿಡಿ' ಅನ್ನೋ ತೀರ್ಪಿನ ಜೊತೆಗೆ. ಆ ತೀರ್ಪನ್ನು ಕೈಯ ಮೇಲೆ ಕೊಡಬೇಕೋ ಪುಸ್ತಕದ ಮೇಲೆ ಕೊಡಬೇಕೋ? ಒಂದು ಆಸೆ ಬದುಕುವುದು ಸಾಯುವುದು ಇದರ ಮೇಲೆ ನಿಂತಿರುವುದರಿಂದ, ಕೊಂಚ ವಿಚಾರಣೆ ನಡೆಸಿಯೇ ಹೇಳೋಣ.

ಈ ಕಪಾಟಿನ ಹಳೇ ಹುಲಿ ಅಮೆರಿಕದ ಕ್ರಿಸ್ಟೊಫರ್ ಹಾರ್ಟ್. ಅವರ 'ಮಾಂಗಾ ಮೇನಿಯಾ' ಬಂದದ್ದು 2001ರಲ್ಲಿ. ಹಾರ್ಟ್ ಚಿತ್ರ ಕಲಿಸುವ ಪುಸ್ತಕಗಳನ್ನು ಬರೆದು ಹೆಸರಾದವರು, ಜಪಾನಿನ ಮಾಂಗಾ ಪತ್ರಿಕೆಗಳಲ್ಲಿ ಬೆಳೆದವರಲ್ಲ. ಅವರ ಪುಸ್ತಕ ಮಾಂಗಾವನ್ನು ಪಾತ್ರಗಳ ಕ್ಯಾಟಲಾಗ್ ಥರ ನೋಡುತ್ತದೆ. ಧೀರ ಹುಡುಗ ಹೀಗಿರುತ್ತಾನೆ, ಖಳ ಹೀಗಿರುತ್ತಾನೆ, ರೋಬೋಟ್ ಹೀಗಿರುತ್ತದೆ. ಬೇಕಾದ್ದನ್ನು ಆರಿಸಿಕೊಂಡು ನೋಡಿ ಬರೆಯಿರಿ. ಹಾಗೆ ಬರೆದಾಗ ಸಿಗುವುದು ಒಂದು ಒಂಟಿ ಬೊಂಬೆ. ಅದಕ್ಕೆ ಹೋಗಲು ಜಾಗವಿಲ್ಲ, ಮಾತಾಡಲು ಇನ್ನೊಬ್ಬರಿಲ್ಲ.

ಜಪಾನಿನ ಗ್ರಾಫಿಕ್‌ಶಾ ಪ್ರಕಾಶನದಿಂದ ಇಂಗ್ಲಿಷಿಗೆ ಬಂದ 'ಹೌ ಟು ಡ್ರಾ ಮಾಂಗಾ' ಸರಣಿ ಇದಕ್ಕಿಂತ ಎಷ್ಟೋ ವಾಸಿ. ನಿಬ್ಬು ಹೇಗೆ ಹಿಡಿಯಬೇಕು, ಶಾಯಿ ಗೆರೆಯ ದಪ್ಪ ಹೇಗೆ ಬದಲಾಗುತ್ತದೆ, ನೆರಳಿಗೆ ಸ್ಕ್ರೀನ್‌ಟೋನ್ ಹಾಳೆಯನ್ನು ಹೇಗೆ ಕತ್ತರಿಸಿ ಅಂಟಿಸಬೇಕು ಅನ್ನುವಂಥ ಕಾರ್ಖಾನೆಯ ವಿದ್ಯೆ ಅಲ್ಲಿದೆ. ಜಪಾನಿನಲ್ಲಿ ವೃತ್ತಿಪರರು ಬಿ4 ಅಳತೆಯ ಹಾಳೆಯಲ್ಲಿ, ಸುಮಾರು 18 ಸೆಂಟಿಮೀಟರ್ ಅಗಲ 27 ಸೆಂಟಿಮೀಟರ್ ಎತ್ತರದ ಚೌಕಟ್ಟಿನೊಳಗೆ ಬರೆಯುತ್ತಾರೆ. ಅಚ್ಚಾಗುವಾಗ ಅದು ಕುಗ್ಗುತ್ತದೆ. ಇಂಥ ವಿಷಯ ಗೊತ್ತಿದ್ದರೆ ಗೆರೆ ಬೀಳುವ ರೀತಿಯೇ ಬೇರೆ. ಆದರೆ ಈ ಸರಣಿಯಲ್ಲೂ ಬಟ್ಟೆಗೊಂದು, ಭಂಗಿಗೊಂದು, ಆಯುಧಕ್ಕೊಂದು ಅಂತ ಪುಸ್ತಕಗಳು ಹಂಚಿಹೋಗಿವೆ. ಬಿಡಿಭಾಗ ಎಲ್ಲಾ ಸಿಗುತ್ತವೆ, ಗಾಡಿ ಓಡಿಸೋದನ್ನ ಯಾರೂ ಹೇಳಿಕೊಡುತ್ತಿಲ್ಲ ಅನ್ನಿಸುತ್ತದೆ.

ಯಾಕೆಂದರೆ ಮಾಂಗಾದ ನಿಜವಾದ ಕಷ್ಟ ಇರುವುದು ಪುಟದಲ್ಲಿ. ಒಂದು ಉದಾಹರಣೆ ತಗೊಳ್ಳಿ. ಒಬ್ಬಳಿಗೆ ಫೋನಿನಲ್ಲಿ ಕೆಟ್ಟ ಸುದ್ದಿ ಬಂದಿದೆ, ಅವಳು ಫೋನ್ ಕೆಳಗಿಡುತ್ತಾಳೆ. ಇದನ್ನು ಎಷ್ಟು ಚೌಕಗಳಲ್ಲಿ ಹೇಳುತ್ತೀರಿ? ಮುಖ ತೋರಿಸುತ್ತೀರಾ, ಬರೀ ಕೈ ಸಾಕಾ? ನಡುವೆ ಕಿಟಕಿಯ ಮೇಲಿನ ಮಳೆಹನಿ, ಆರಿಹೋದ ಚಹಾ, ಗಡಿಯಾರ ಇವಕ್ಕೆ ಒಂದೊಂದು ಚೌಕ ಕೊಡುತ್ತೀರಾ? ಓದುವವನ ಕಣ್ಣು ಬಲದಿಂದ ಎಡಕ್ಕೆ ಹೋಗುವಾಗ ಆ ಸುದ್ದಿ ಪುಟದ ಕೊನೆಯಲ್ಲಿ ಬೀಳಬೇಕಾ, ಹಾಳೆ ತಿರುವಿದ ಮೇಲೆ ಬೀಳಬೇಕಾ? ಸ್ಕಾಟ್ ಮೆಕ್ಲೌಡ್ 1993ರ 'ಅಂಡರ್‌ಸ್ಟಾಂಡಿಂಗ್ ಕಾಮಿಕ್ಸ್'ನಲ್ಲಿ ಚೌಕದಿಂದ ಚೌಕಕ್ಕೆ ಆಗುವ ಜಿಗಿತಗಳನ್ನು ಆರು ಬಗೆಯಾಗಿ ವಿಂಗಡಿಸಿ ಲೆಕ್ಕ ಹಾಕಿದ್ದರು. ಮಳೆಹನಿ, ಚಹಾ, ಗಡಿಯಾರ ಎಂದು ಒಂದೇ ಗಳಿಗೆಯ ಸುತ್ತ ಕಣ್ಣಾಡಿಸುವ ಬಗೆ ಅಮೆರಿಕದ ಕಾಮಿಕ್ಸ್‌ನಲ್ಲಿ ಅಪರೂಪ, ಜಪಾನಿನಲ್ಲಿ ಧಾರಾಳ ಎನ್ನುವುದು ಅವರು ಕಂಡುಕೊಂಡ ಸಂಗತಿ. ಅಂದರೆ ಮಾಂಗಾತನ ದೊಡ್ಡ ಕಣ್ಣಿನಲ್ಲಿ ಎಷ್ಟಿದೆಯೋ ಅದಕ್ಕಿಂತ ಹೆಚ್ಚು ಈ ನಿಧಾನದಲ್ಲಿದೆ. ನಾಲ್ಕು ಹೆಜ್ಜೆಯ ಪುಸ್ತಕದಲ್ಲಿ ಇದಕ್ಕೆ ಜಾಗವೇ ಇಲ್ಲ.

ಹಾಗಾದ್ರೆ ನೋಡಿ ನಕಲು ಮಾಡೋದೇ ತಪ್ಪಾ? ಖಂಡಿತ ಅಲ್ಲ. ಈ ಪುಸ್ತಕಗಳನ್ನು ಬೈಯುವವರು ಎಡವುವುದು ಇಲ್ಲೇ. 'ನಕಲು ಮಾಡಬೇಡ, ಮನಸ್ಸಿಗೆ ಬಂದದ್ದು ಬರಿ' ಅಂತ ಉಪದೇಶ ಕೊಟ್ಟುಬಿಡುತ್ತಾರೆ. ಕಾಮಿಕ್ಸಿನ ಭಾಷೆಯನ್ನು ಅಭ್ಯಾಸ ಮಾಡಿರುವ ನೀಲ್ ಕೋನ್ 2012ರ ಒಂದು ಪ್ರಬಂಧದಲ್ಲಿ ಇದಕ್ಕೆ ತದ್ವಿರುದ್ಧವಾದ ವಾದ ಹೂಡಿದ್ದಾರೆ. ಚಿತ್ರ ಬರೆಯುವುದು ಮಾತು ಕಲಿತಂತೆ; ಸುತ್ತಲಿನವರ ಚಿತ್ರಗಳನ್ನು ನೋಡಿ, ಅನುಕರಿಸಿ ಅದರ ಶಬ್ದಕೋಶ ಕಟ್ಟಿಕೊಳ್ಳಬೇಕು; 'ನನಗೆ ಬರೆಯಲು ಬರುವುದಿಲ್ಲ' ಅನ್ನುವವರಿಗೆ ಹೆಚ್ಚಿನ ಪಾಲು ಆ ಶಬ್ದಕೋಶ ಸಿಕ್ಕಿಲ್ಲ, ಅಷ್ಟೇ. ನಾವೆಲ್ಲ ಅಕ್ಷರ ಕಲಿತದ್ದಾದರೂ ಹೇಗೆ? ಯಾರೋ ಬರೆದುಕೊಟ್ಟ 'ಅ' ಮೇಲೆ ತಿದ್ದಿ ತಿದ್ದಿ. ಮೊದಲು ಕಾಗೆಕಾಲು ಗುಬ್ಬಿಕಾಲು, ಆಮೇಲೆ ಅಕ್ಷರ. ತಿದ್ದಿದ್ದರಲ್ಲಿ ಅವಮಾನವೇನೂ ಇರಲಿಲ್ಲ. ಆದರೆ ವರ್ಷವಿಡೀ ಬರೀ 'ಅ' ಮತ್ತು 'ಆ' ತಿದ್ದಿಸಿ, ಒಂದು ಪತ್ರವನ್ನೂ ಬರೆಸದ ಮೇಷ್ಟ್ರನ್ನು ಏನನ್ನಬೇಕು? ಹಾರ್ಟ್ ಅವರ ದಾರಿ ಹಿಡಿದ ಪುಸ್ತಕಗಳ ಮೇಲಿನ ನನ್ನ ತಕರಾರು ಇದು. ನಕಲು ಮಾಡಿಸುತ್ತವೆ ಅಂತಲ್ಲ; ವಾಕ್ಯ ಬರೆಸುವುದಿಲ್ಲ ಅಂತ.

ವಾಕ್ಯ ಬರೆಸುವ ಪುಸ್ತಕಗಳೂ ಇವೆ, ಮತ್ತು ಜಪಾನಿನಲ್ಲಿ ಅವಕ್ಕೆ ದೊಡ್ಡ ಪರಂಪರೆಯೇ ಇದೆ. ಒಸಾಮು ತೆಜುಕಾ 1950ರಷ್ಟು ಹಿಂದೆಯೇ 'ಮಾಂಗಾ ವಿಶ್ವವಿದ್ಯಾಲಯ' ಎಂಬ ಅರ್ಥದ ಹೆಸರಿಟ್ಟು ಒಂದು ಪುಸ್ತಕ ತಂದರು. 1965ರಲ್ಲಿ ಶೊತಾರೊ ಇಶಿನೊಮೊರಿ ಬರೆದ 'ಮಾಂಗಾಕಾರನಾಗಲು ಪ್ರವೇಶಿಕೆ' ಅಲ್ಲಿನ ಒಂದಿಡೀ ತಲೆಮಾರಿನ ಕೈಗೆ ಸಿಕ್ಕ ಪುಸ್ತಕ. ಅದರ ಗುಟ್ಟು ಬಹಳ ಸರಳ. ಇಶಿನೊಮೊರಿ ತಮ್ಮದೇ ಒಂದು ಕತೆಯನ್ನು ಎದುರಿಗಿಟ್ಟುಕೊಂಡು, ಈ ಚೌಕ ಯಾಕೆ ಇಷ್ಟು ದೊಡ್ಡದು, ಇಲ್ಲಿ ಮಾತು ಯಾಕಿಲ್ಲ, ಇಲ್ಲಿ ದೂರದಿಂದ ಯಾಕೆ ತೋರಿಸಿದೆ ಅಂತ ಪುಟಪುಟವಾಗಿ ಬಿಚ್ಚಿಡುತ್ತಾರೆ. ಓದುಗನಿಗೆ ಸಿಗುವುದು ಗೆರೆಯ ಹಿಂದಿನ ತೀರ್ಮಾನ. 1977ರಲ್ಲಿ ಬಂದ ತೆಜುಕಾರ ಇನ್ನೊಂದು ಕೈಪಿಡಿ ಸಾಮಾನ್ಯ ಓದುಗರಿಗಾಗಿಯೇ ಬರೆದದ್ದು. ಏನನ್ನು ಬೇಕಾದರೂ ಮಾಂಗಾ ಮಾಡಬಹುದು, ಆದರೆ ಯುದ್ಧ, ವಿಕೋಪಗಳಲ್ಲಿ ನೊಂದವರನ್ನು ಗೇಲಿ ಮಾಡಬಾರದು, ಯಾವುದೇ ಕಸುಬನ್ನು, ಜನಾಂಗವನ್ನು ಹೀಗಳೆಯಬಾರದು ಅಂತ ಅವರು ಅದರಲ್ಲಿ ಎಚ್ಚರಿಸುತ್ತಾರೆ. ಕೂದಲು ಬಿಡಿಸುವುದನ್ನಷ್ಟೇ ಕಲಿಸುವ ಪುಸ್ತಕಕ್ಕೆ ಇಂಥ ಮಾತಿನ ಅಗತ್ಯವೇ ಬೀಳುವುದಿಲ್ಲ. ಹೇಳಲು ಏನಾದರೂ ಇದ್ದವನಿಗೆ ಮಾತ್ರ ಹೇಗೆ ಹೇಳಬಾರದು ಅನ್ನುವುದೂ ಬೇಕಾಗುತ್ತದೆ.

ಇವೆಲ್ಲ ಜಪಾನಿ ಭಾಷೆಯಲ್ಲಿವೆ, ನಮಗೇನು ಉಪಯೋಗ ಅಂತೀರಾ? ಹಿರೊಹಿಕೊ ಅರಾಕಿ 2015ರಲ್ಲಿ ಬರೆದ ಪುಸ್ತಕ ಎರಡು ವರ್ಷದ ಮೇಲೆ 'ಮಾಂಗಾ ಇನ್ ಥಿಯರಿ ಅಂಡ್ ಪ್ರಾಕ್ಟಿಸ್' ಎಂದು ಇಂಗ್ಲಿಷಿಗೆ ಬಂದಿದೆ. 'ಜೋಜೋ'ದ ಸೃಷ್ಟಿಕರ್ತ ಈತ. ಪಾತ್ರ, ಕತೆ, ಲೋಕ, ಆಶಯ ಎಂಬ ನಾಲ್ಕು ಕಂಬಗಳ ಮೇಲೆ ಮಾಂಗಾ ನಿಲ್ಲುತ್ತದೆ ಎಂದು ಹೇಳಿ, ಮೊದಲ ಪುಟವನ್ನು ಸಂಪಾದಕ ತಿರುವುವಂತೆ ಮಾಡುವುದು ಹೇಗೆ ಅನ್ನೋ ಪ್ರಶ್ನೆಯಿಂದಲೇ ಪಾಠ ಶುರುಮಾಡುತ್ತಾರೆ. ಮೆಕ್ಲೌಡ್ ಅವರ 2006ರ 'ಮೇಕಿಂಗ್ ಕಾಮಿಕ್ಸ್' ಮಾಂಗಾಕ್ಕಷ್ಟೇ ಸೀಮಿತವಲ್ಲದಿದ್ದರೂ ಯಾವ ಕ್ಷಣ, ಯಾವ ಚೌಕಟ್ಟು, ಯಾವ ಚಿತ್ರ, ಯಾವ ಮಾತು, ಯಾವ ಹರಿವು ಎಂಬ ಐದು ಆಯ್ಕೆಗಳನ್ನು ಮುಂದಿಡುತ್ತದೆ. ಇವೆರಡೂ ಕಣ್ಣು ಮೂಗಿನ ಪಾಠದಿಂದ ಶುರುಮಾಡದ ಪುಸ್ತಕಗಳು. ಅದಕ್ಕೇ ಕೊಳ್ಳಲು ಯೋಗ್ಯ.

ಆದರೆ ಒಳ್ಳೆಯ ಪುಸ್ತಕಕ್ಕೂ ಒಂದು ಗಡಿ ಇದೆ. ಇಶಿನೊಮೊರಿಯನ್ನು ಓದಿ ಕಲಿತ ಹುಡುಗರ ಕೈಯಲ್ಲಿ ಪುಸ್ತಕದ ಜೊತೆಗೆ ಇನ್ನೂ ಏನೋ ಇತ್ತು: ಬರೆದದ್ದನ್ನು ಕಳಿಸಲು ಒಂದು ವಿಳಾಸ. ಇಶಿನೊಮೊರಿಯೇ ಹೈಸ್ಕೂಲಿನ ದಿನಗಳಲ್ಲಿ 'ಮಾಂಗಾ ಶೋನೆನ್' ಪತ್ರಿಕೆಗೆ ಕಳಿಸುತ್ತಿದ್ದವರು. ಆ ಪತ್ರಿಕೆ ಓದುಗರ ಚಿತ್ರಗಳನ್ನು ತರಿಸಿಕೊಂಡು ಅಚ್ಚು ಹಾಕುತ್ತಿತ್ತು. ಆಮೇಲೆ ಟೋಕಿಯೊದ 'ತೊಕಿವಾಸೊ' ಅನ್ನುವ ಮರದ ವಠಾರದಲ್ಲಿ ಇಶಿನೊಮೊರಿ, ಫುಜಿಕೊ ಜೋಡಿ, ಅಕತ್ಸುಕಾ ಅಕ್ಕಪಕ್ಕದ ಕೋಣೆಗಳಲ್ಲಿದ್ದು ಒಬ್ಬರ ಕೆಲಸ ಒಬ್ಬರು ನೋಡುತ್ತಾ ಬೆಳೆದರು. ಅರಾಕಿ 1980ರಲ್ಲಿ ತೆಜುಕಾ ಪ್ರಶಸ್ತಿ ಸ್ಪರ್ಧೆಗೆ ಕಳಿಸಿದ ಕತೆಯಿಂದ ಒಳಬಂದರು. 'ಒನ್ ಪೀಸ್'ನ ಐಚಿರೊ ಒದಾ ಬೇರೆ ಮಾಂಗಾಕಾರರ ಬಳಿ ಸಹಾಯಕರಾಗಿ ದುಡಿದರು. ಈ ಎಲ್ಲ ಕಡೆ ಒಂದು ಸಂಗತಿ ಸಾಮಾನ್ಯ: ಮುಗಿಸಿದ ಪುಟವನ್ನು ಇನ್ನೊಬ್ಬರು ಓದಿ, 'ಇಲ್ಲಿ ನನಗೆ ಅರ್ಥ ಆಗ್ಲಿಲ್ಲ' ಅಂತ ಹೇಳುತ್ತಿದ್ದರು. ಪುಸ್ತಕ ಎಷ್ಟೇ ಒಳ್ಳೆಯದಿದ್ದರೂ ನಿಮ್ಮ ಪುಟ ಓದಲಾರದು.

ಜಪಾನಿನ ಸಂಪಾದಕರು ಮೊದಲು ಕೇಳುವುದೂ ಮುಗಿದ ಚಿತ್ರವನ್ನಲ್ಲ, 'ನೇಮು' ಎಂದು ಅವರು ಕರೆಯುವ ಕಚ್ಚಾ ಪುಟಗಳನ್ನು. ಚೌಕಗಳು, ಮಾತು, ಅಂದಾಜಿನ ಬೊಂಬೆಗಳು, ಅಷ್ಟು ಸಾಕು. 2008ರಿಂದ 2012ರವರೆಗೆ ಬಂದ 'ಬಾಕುಮಾನ್' ಓದಿದವರಿಗೆ ಈ ಪುಟಗಳ ಸುತ್ತ ನಡೆಯುವ ಜಟಾಪಟಿ ಗೊತ್ತು. ವೃತ್ತಿಯಲ್ಲಿ ಮೊದಲು ಬರುವ ಕೆಲಸ ಇದು. ಕಪಾಟಿನ ಪುಸ್ತಕಗಳು ಕೈಬಿಡುವುದೂ ಇದನ್ನೇ. ಕಡ್ಡಿಬೊಂಬೆ ಬರೆಯಬಲ್ಲ ಯಾರೂ ಇವತ್ತು ರಾತ್ರಿಯೇ ಶುರುಮಾಡಬಹುದಾದ ಕೆಲಸವೂ ಹೌದು.

ಹಾಗಾಗಿ ನನ್ನ ತೀರ್ಪು ಇಷ್ಟು. ಮುಖ, ಕೈಬೆರಳು, ಶಾಯಿಗಾಗಿ ಒಂದು ಪುಸ್ತಕ ಇಟ್ಟುಕೊಳ್ಳಿ, ನಿಘಂಟು ನೋಡಿದ ಹಾಗೆ ಬೇಕಾದಾಗ ತೆಗೆದು ನೋಡಿ. ಮೊದಲ ಪುಟದಿಂದ ಕೊನೆಯವರೆಗೆ ಪಾರಾಯಣ ಬೇಡ. ಅರಾಕಿ ಅಥವಾ ಮೆಕ್ಲೌಡ್ ಒಬ್ಬರನ್ನು ಓದಿ. ನಿಮಗಿಷ್ಟವಾದ ಮಾಂಗಾದ ಎಂಟು ಪುಟಗಳನ್ನು ಚೌಕಗಳ ಸಮೇತ ಕಡ್ಡಿಬೊಂಬೆಯಲ್ಲಿ ನಕಲು ಮಾಡಿ, ಪ್ರತಿ ಚೌಕದ ಪಕ್ಕ 'ಯಾಕೆ' ಅಂತ ಬರೆದುಕೊಳ್ಳಿ. ಆಮೇಲೆ ನಿಮ್ಮದೇ ಎಂಟು ಪುಟ. ಆಫೀಸಿನ ಲಿಫ್ಟಿನಲ್ಲಿ ನಡೆದ ಕತೆಯಾದರೂ ಸರಿ, ಮುಗಿಸಿ. ಮಾಂಗಾ ಓದುವ ಒಬ್ಬ ಗೆಳೆಯನಿಗೂ ಓದದ ಒಬ್ಬರಿಗೂ ಕೊಟ್ಟು, ಎಲ್ಲಿ ತಡವರಿಸಿದರು ಅಂತ ಬಾಯಿ ಮುಚ್ಚಿಕೊಂಡು ನೋಡಿ. 'ನಂಗೆ ಕೈ ಬರಲ್ಲ' ಅನ್ನೋ ಮಾತನ್ನು ಅಲ್ಲಿಯವರೆಗೆ ಮುಂದೂಡಬಹುದಲ್ವಾ? ಲ್ಯಾಪ್‌ಟಾಪಿನ ಕೆಳಗಿರುವ ಆ ಸ್ಕೆಚ್‌ಬುಕ್ಕಿನಲ್ಲಿ ಹೇಗೂ ಬೇಕಾದಷ್ಟು ಹಾಳೆ ಖಾಲಿ ಉಳಿದಿವೆ.