ಮಿಂಟ್ ಅನ್ನೋ ಮೋಹ

ಹಳೇ ಮಿಲಿಟರಿ ಮಡಚುಚಾಕು ಸಂಗ್ರಹಿಸುವವರಲ್ಲಿ ಒಂದು ಶಬ್ದಕ್ಕೆ ಭಾರೀ ಮರ್ಯಾದೆ: ‘ಮಿಂಟ್’. ಅಂದ್ರೆ ಕಾರ್ಖಾನೆಯಿಂದ ಬಂದ ಹಾಗೇ ಇರೋದು, ಯಾರೂ ಬಳಸದೇ ಇದ್ದದ್ದು. ಅದಕ್ಕೇ ಜಾಸ್ತಿ ರೇಟು. ನಾನೂ ಕೆಲವು ವರ್ಷ ಇದನ್ನೇ ನಂಬಿದ್ದೆ. ಈಗ ಅನ್ನಿಸ್ತಿದೆ, ನಾವು ಈ ವಸ್ತುವನ್ನ ಉಲ್ಟಾ ಓದ್ತಿದೀವಿ.

ಸ್ವಿಸ್ ಸೈನಿಕರ ಚಾಕುವನ್ನೇ ನೋಡಿ. 1889ರಲ್ಲಿ ಆ ಸೇನೆ ಹೊಸ ರೈಫಲ್ ತಂತು. ಅದನ್ನ ಬಿಚ್ಚೋಕೆ ಸ್ಕ್ರೂಡ್ರೈವರ್ ಬೇಕು, ಡಬ್ಬಿಯೂಟ ತೆರೆಯೋಕೆ ಓಪನರ್ ಬೇಕು. ಹಾಗಾಗಿ ಬಂದದ್ದು 1890ರ ಮಾದರಿ: ಮರದ ಹಿಡಿ, ಒಂದು ಅಲಗು, ಸ್ಕ್ರೂಡ್ರೈವರ್, ಓಪನರ್, ತೂತು ಕೊರೆಯೋಕೆ ಒಂದು ದಬ್ಬಳ. ಅಷ್ಟೇ. ನಾವೆಲ್ಲ ‘ಸ್ವಿಸ್ ಆರ್ಮಿ ನೈಫ್’ ಅನ್ನೋ, ಕಾರ್ಕ್‌ಸ್ಕ್ರೂ ಇರುವ ಚಾಕುವಿನ ಮೂಲ ಕಾರ್ಲ್ ಎಲ್ಸೆನರ್ 1897ರಲ್ಲಿ ತಂದ ‘ಆಫೀಸರ್ಸ್ ನೈಫ್’. ಅದನ್ನ ಸೇನೆ ಹಂಚಲಿಲ್ಲ. ಅಧಿಕಾರಿಗಳು ಸ್ವಂತ ದುಡ್ಡಲ್ಲಿ ಕೊಂಡರು. ಸಿಪಾಯಿಯ ಚಾಕುವಿನಲ್ಲಿ ವೈನ್ ಬಾಟಲಿಗೆ ಜಾಗ ಇರಲಿಲ್ಲ. ಅದು ಪೂರ್ತಿ ಕೆಲಸದ ವಸ್ತು.

ಹಾಗಿರುವಾಗ ಕೆಲಸವನ್ನೇ ಮಾಡದ ಚಾಕುವನ್ನು ಎತ್ತರದಲ್ಲಿ ಕೂರಿಸೋದು ವಿಚಿತ್ರ ಅಲ್ವಾ? ಮಿಂಟ್ ಚಾಕುವಿಗೂ ಅದರದ್ದೇ ಉಪಯೋಗ ಇದೆ, ಒಪ್ಪುತ್ತೇನೆ: ಕಾರ್ಖಾನೆಯಿಂದ ಹೊರಟಾಗ ಅಲಗು ಎಷ್ಟು ಅಗಲ ಇತ್ತು, ಬಣ್ಣ ಹೇಗಿತ್ತು ಅನ್ನೋಕೆ ಅದು ಸಾಕ್ಷಿ. ಆದರೆ ಸೈನಿಕನ ಬಗ್ಗೆ ಅದು ಏನೂ ಹೇಳಲ್ಲ.

ಈ ಪಾಠ ನನಗೆ ತಡವಾಗಿ ಹತ್ತಿತು. ನನ್ನ ಹತ್ತಿರ 1951ರ ಮಾದರಿಯದ್ದೊಂದಿದೆ, ಫೈಬರ್ ಹಿಡಿಯದ್ದು. ಕೊಂಡಾಗ ಹಿಡಿಯ ಮೇಲೆ ಯಾರೋ ಸೂಜಿಮೊನೆಯಿಂದ ಗೀಚಿದ ಎರಡು ಅಕ್ಷರ ಇದ್ದವು. ‘ಗಲೀಜು’ ಅನ್ನಿಸ್ತು. ಒಂದು ಭಾನುವಾರ ಕೂತು ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ಪಾಲಿಶ್ ಹಾಕಿದೆ. ಫಳಫಳ ಹೊಳೀತು. ಫೋಟೋ ನೋಡಿದವರೆಲ್ಲ ಸೂಪರ್ ಅಂದರು. ರಾತ್ರಿ ಅದನ್ನ ಒಳಗಿಡುವಾಗ ಆ ಅಕ್ಷರ ಯಾವುವು ಅಂತ ನೆನಪು ಮಾಡ್ಕೊಂಡೆ. ಒಂದೂ ಬರಲಿಲ್ಲ. ಬ್ಯಾರಕ್ಕಿನಲ್ಲಿ ಎಲ್ಲರ ಚಾಕುವೂ ಒಂದೇ ಥರ ಇದ್ದಾಗ, ಇದು ನನ್ನದು ಅಂತ ಒಬ್ಬ ಹೇಳಿಕೊಂಡಿದ್ದ. ಅದನ್ನ ನಾನೇ ಅಳಿಸಿದ್ದೆ.

ಈಗ ತುಕ್ಕು ಹಿಡಿಯದಿರಲಿ ಅಂತ ಒಂದು ಹನಿ ಎಣ್ಣೆ ಹಾಕ್ತೀನಿ, ಅಷ್ಟೇ. ಕೊಳ್ಳುವಾಗ ಮಸೆದು ಸಣ್ಣಗಾದ ಅಲಗನ್ನೇ ಹುಡುಕ್ತೀನಿ. ರೇಟೂ ಕಮ್ಮಿ.